ಹಸಿರು ರೆಕ್ಕೆಯ ಹಲಗೆ ಸಿಕ್ಕ ಬಗ್ಗೆ

ಹೆಸರು: ಯಶೋಧರಾ ಕೋಂ ಅಂಬರೀಷ. ವಯಸ್ಸು: 48. ಉದ್ಯೋಗ: ಹಳೆಯ ಚಿತ್ರಗಳ ದುರಸ್ತಿ. ವಾಸ: ನವನಗರ, ಹುಬ್ಬಳ್ಳಿ.

ಠಾಣೆಗೆ ಖುದ್ದಾಗಿ ಹಾಜರಾಗಿ ನಾನು ಹೇಳಿ ಬರೆಸುವುದೇನೆಂದರೆ, ಕಮರಿಪೇಟೆ ಹತ್ತಿರದ ಹಳೆಯ ಚರ್ಚಿನಲ್ಲಿ ಪಾದ್ರಿಗಳು ನಿಂತು ಪ್ರವಚನ ಹೇಳುವ ಮರದ ಪೀಠವಿದೆ. ಅದಕ್ಕೆ ಬಣ್ಣದ ಚಿತ್ರಗಳಿರುವ ಆರು ಹಲಗೆಗಳಿವೆ. ಅವನ್ನು ಬಿಚ್ಚಿ ಮೂಲ ಬಣ್ಣಕ್ಕೆ ತರುವ ಕೆಲಸವನ್ನು ಫಾದರ್ ಮಥಿಯಾಸ ಅವರು ನನಗೆ ಒಪ್ಪಿಸಿದ್ದು, ದಿ. 4-11-2024ರಿಂದ ಮಾಡುತ್ತಿದ್ದೇನೆ. ಚರ್ಚಿನ ಬಾಗಿಲು ತೆಗೆದು ಗಂಟೆ ಬಾರಿಸುವ ಅರ್ಜುನಪ್ಪನವರು (74) ದಿನಕ್ಕೆ ಎರಡು ಸಲ ನನಗೆ ಚಹಾ ತಂದುಕೊಡುತ್ತಾರೆ. ಬೇಡವೆಂದರೂ ತರುತ್ತಾರೆ. ನಾನು ಅವರಿಗೆ ಕಾಕಾ ಎನ್ನುತ್ತೇನೆ.

ನಿನ್ನೆ ದಿ. 12ರಂದು ಸಂಜೆ 4-15ಕ್ಕೆ ಮೂರನೆಯ ಹಲಗೆಯಲ್ಲಿರುವ ದೇವದೂತನ ಎಡ ರೆಕ್ಕೆಯನ್ನು ಪರೀಕ್ಷಿಸಿದೆ. ಬಲ ರೆಕ್ಕೆ ಬಂಗಾರದ ಬಣ್ಣದ್ದು. ಎಡದ್ದು ಕಿಟಕಿಗೆ ಬಳಿಯುವಂಥ ದಪ್ಪ ಹಸಿರು. ಅಂಚಿನಲ್ಲಿ ಚೂರು ಹಸಿರನ್ನು ಕರಗಿಸಿದಾಗ ಕೆಳಗೆ ಬಂಗಾರ ಕಂಡಿತು. ಅರ್ಜುನಪ್ಪನವರನ್ನು ಕರೆದು ತೋರಿಸಿ, ನಾಳೆ ಮಧ್ಯಾಹ್ನದೊಳಗೆ ಈ ಹಸಿರನ್ನೆಲ್ಲ ತೆಗೆದುಬಿಡುತ್ತೇನೆ ಎಂದು ಹೇಳಿದೆ. ಅವರು ಲೋಟ ತೆಗೆದುಕೊಂಡು ಹೋದರು.

ಇಂದು ಬೆಳಿಗ್ಗೆ 9-30ಕ್ಕೆ ಫಾದರ್ ಅವರೇ ಬಾಗಿಲು ತೆಗೆದರು. ಆ ಹಲಗೆ ಇರಲಿಲ್ಲ. ಅರ್ಜುನಪ್ಪನವರೂ ಬಂದಿರಲಿಲ್ಲ. 10-10ಕ್ಕೆ ಠಾಣೆಗೆ ಬಂದು ಕಳವಿನ ದೂರು ಕೊಟ್ಟೆ. ಅರ್ಜುನಪ್ಪನವರ ಮೇಲೆ ಸಂಶಯವಿದೆಯೇ ಎಂದು ಕೇಳಿದಾಗ ಇಲ್ಲವೆಂದೆ. 10-50ಕ್ಕೆ ಕಾನ್‌ಸ್ಟೇಬಲ್ ನವಾಜ ಅವರೊಂದಿಗೆ, ಚರ್ಚಿನಿಂದ 400 ಮೀಟರ್ ದೂರದ ಅರ್ಜುನಪ್ಪನವರ ಮನೆಗೆ ಚರ್ಚಿನ ಕೀಲಿಯ ಬಗ್ಗೆ ವಿಚಾರಿಸಲು ಹೋದೆ. ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಮೆತ್ತಗಿನ ಹೊದಿಕೆ ಹಾಸಿ ಹಲಗೆಯನ್ನು ಮಲಗಿಸಿದ್ದರು. ತಾವು ನೆಲದ ಮೇಲೆ ಕುಳಿತಿದ್ದರು.

ಯಾಕೆ ತಂದಿರೆಂದು ನವಾಜ ಅವರು ಕೇಳಿದರು. ಅರ್ಜುನಪ್ಪನವರು ನನ್ನ ಕಡೆ ನೋಡಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಸುತ್ತೇನೆ: "ಆ ಹಸರ ನಮ್ಮಾಕಿ ಹಚ್ಚಿದ್ದರಿ ಬಾಯಾರ. ಮಳಿ ಸೋರಿ ರೆಕ್ಕಿ ಹೋಗಿತ್ತು. ಹುಡುಗ್ರು ಒಂದ ರೆಕ್ಕಿ ದೇವದೂತ ಅಂತ ನಗಾಕತ್ತಿದ್ರು, ಆಕಿಗೆ ತಡೀಲಿಲ್ಲ. ಕಿಟಕಿಗೆ ತಂದ ಬಣ್ಣ ಉಳದಿತ್ತು, ಅದನ್ನ ಹಚ್ಚಿದಳು. ಗಂಟಿ ಬಾರಿಸಿ ಒಳಗ ಬಂದಾಗೆಲ್ಲ ಅದನ್ನೊಮ್ಮೆ ನೋಡತೇನ್ರಿ."

ಅವರ ಪತ್ನಿ ಎಸ್ತರವ್ವ ತೀರಿಕೊಂಡು ಹತ್ತೊಂಬತ್ತು ವರ್ಷಗಳಾಗಿವೆ. ನಿನ್ನೆಯೇ ಯಾಕೆ ಹೇಳಲಿಲ್ಲ ಕಾಕಾ ಎಂದು ಕೇಳಿದೆ. "ನೀವು ಅಷ್ಟ ಖುಷೀಲೆ ತೋರಸಾಕತ್ತಿದ್ರಿ, ಹೆಂಗ ಹೇಳಲಿರಿ?" ಎಂದರು. ನವಾಜ ಅವರು ಹೊರಗೆ ಹೋಗಿ ನಿಂತರು.

11-20ಕ್ಕೆ ಫಾದರ್ ಅವರಿಗೆ ಫೋನ್ ಮಾಡಿ, ಹಸಿರನ್ನು ತೆಗೆಯುವುದಿಲ್ಲ, ಎದ್ದಿರುವ ಅಂಚುಗಳನ್ನು ಅಂಟಿಸಿ ಹಾಗೆಯೇ ಉಳಿಸುತ್ತೇನೆ ಎಂದು ತಿಳಿಸಿದೆ. ಅವರು ಒಪ್ಪಿದರು. ನನ್ನ ಕೆಲಸದ ಪುಸ್ತಕದಲ್ಲಿ ಈ ರೆಕ್ಕೆಗೆ 'ನಂತರ ಯಾರೋ ಬಳಿದ ಒರಟು ಬಣ್ಣ' ಎಂದು ಬರೆದಿದ್ದೆ. ಅದನ್ನು ಅರ್ಜುನಪ್ಪನವರೆದುರೇ ಹೊಡೆದುಹಾಕಿ, 'ಎಡ ರೆಕ್ಕೆ: ಎಸ್ತರವ್ವ ಅರ್ಜುನಪ್ಪ ಬಣ್ಣ ಹಾಕಿದ್ದು' ಎಂದು ಬರೆದೆ. ಅವರಿಗೆ ಓದು ಬಾರದ್ದರಿಂದ ಓದಿ ಹೇಳಿದೆ. ಇನ್ನೊಮ್ಮೆ ಓದಿರೆಂದರು. ಎರಡನೆಯ ಸಲ ನವಾಜ ಅವರು ಒಳಗೆ ಬಂದು ಓದಿದರು.

ನಂತರ ಹಲಗೆಯೊಂದಿಗೆ ಮೂವರೂ ಠಾಣೆಗೆ ಬಂದಿದ್ದೇವೆ. ಹಲಗೆಗೆ ಧಕ್ಕೆಯಾಗಿಲ್ಲ. ಕಳ್ಳತನ ನಡೆದಿಲ್ಲ. ನನ್ನ ದೂರನ್ನು ಹಿಂಪಡೆಯುತ್ತೇನೆ. ಹಲಗೆಯನ್ನು ಠಾಣೆಯಲ್ಲಿ ಇಟ್ಟುಕೊಳ್ಳದೆ ಅರ್ಜುನಪ್ಪನವರ ಕೈಗೇ ಕೊಡಬೇಕೆಂದು ಕೋರುತ್ತೇನೆ. ಅವರೇ ಅದನ್ನು ಚರ್ಚಿಗೆ ಹೊತ್ತು ತರುತ್ತಾರೆ, ನಾನು ಜೊತೆಗೆ ನಡೆಯುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಕೇಳಿಸಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಖರೆ.

ಸ್ಥಳ: ಹುಬ್ಬಳ್ಳಿ
ದಿನಾಂಕ: 13-11-2024, ಮಧ್ಯಾಹ್ನ 1-05
ಸಹಿ: ಯಶೋಧರಾ