ವನಿತಾಳ ಕಲ್ಲಿನ ಅಚ್ಚು

ಬೇಡ ರಾಚಣ್ಣ, ಪೂರ್ತಿ ಬಿಚ್ಚಬೇಡ! ಮೇಲಿನ ತುದಿ ಸುತ್ತಿಕೊಂಡೇ ಇರ್ಲಿ, ಹರಿದೋಗುತ್ತೆ. ಒಂಬತ್ತು ವರ್ಷದ ಕಾಗದ ಅದು... ಹಾಂ, ಜಗಲಿ ಮೇಲೆ ಹಾಸು, ಬೆಳಕಿದೆ. ಇದೇ ನಿನ್ನ ಮಗಳು ವನಿತಾಳ ಸಮಾಧಿ ಕಲ್ಲಿನ ಅಚ್ಚು. ತೊಂಬತ್ನಾಲ್ಕರಲ್ಲಿ ಹೆಮ್ಮರಗಾಲಕ್ಕೆ ಬಂದು, ನಿಮ್ಮೂರ ಸ್ಮಶಾನದಲ್ಲಿ ಕೂತು ನಾನೇ ತೆಗೆದದ್ದು. ಒದ್ದೆ ಕಾಗದ ಕಲ್ಲಿಗೆ ಅಂಟಿಸಿ, ಬಟ್ಟೆ ಉಂಡೇನ ಮಸೀಲಿ ಅದ್ದಿ ತಟ್ಟಿ ತಟ್ಟಿ... ಬೆಳಗಿಂದ ಮಧ್ಯಾಹ್ನದ ತನಕ! ನೀನು ಕೆತ್ತಿದ್ದು ಒಂದನ್ನೂ ಬಿಟ್ಟಿಲ್ಲ.

ಯಾಕೆ ಹಂಗೆ ನೋಡ್ತೀಯ?

ರಸ್ತೆ ಅಗಲ ಮಾಡೋರು ಜೆಸಿಬಿ ಹಚ್ಚಿ ಆ ಕಲ್ಲನ್ನ ಚೂರು ಚೂರು ಮಾಡಿದ್ರು ಅಂದ್ಯಲ್ಲ, ಆಗಿಂದ ತಲೆ ಕೆಟ್ಟೋಗಿದೆ ಕಣಯ್ಯ. ಎಷ್ಟು ಬಡ್ಕೊಂಡೆ ನಾನು! ಇಪ್ಪತ್ತೆರಡು ಕಲ್ಲು, ಒಂದರ ಹಂಗೆ ಇನ್ನೊಂದಿಲ್ಲ. ರಾಗಿ ಬೀಸೋ ಮುದುಕಿ, ಎತ್ತಿನ ಕೊರಳು ತಬ್ಬಿಕೊಂಡ ಚನ್ನಯ್ಯ... ಎಲ್ಲ ಒಬ್ಬನೇ ಮನುಷ್ಯ ಕೆತ್ತಿದ್ದು, ಕಾಪಾಡ್ರಪ್ಪ ಅಂತ! ಮೈಸೂರಲ್ಲಿ ಪುರಾತತ್ವ ಇಲಾಖೆಯ ಒಬ್ಬ ಆಫೀಸರ್ ಮುಂದೆ ಈ ಸುರುಳಿ ಬಿಚ್ಚಿದೆ. "ಅಕ್ಷರ ಇಲ್ಲ, ರಾಜ ಇಲ್ಲ, ಏನ್ ಮೇಷ್ಟ್ರೇ ಇದು?" ಅಂದ. ಡ್ರಾಯಿಂಗ್ ಮೇಷ್ಟ್ರ ಮಾತು ಯಾರು ಕೇಳ್ತಾರೆ! ...ನಗಬೇಡ. ನಗ್ಲಿಲ್ವಾ? ಸರಿ ಬಿಡು.

ಜಡೆ ನೋಡು, ಕುಚ್ಚಿನ ಸಮೇತ ಬಂದಿದೆ. ಲಂಗದ ನೆರಿಗೆ. ಕಂಕುಳಲ್ಲಿ ಮೇಕೆಮರಿ, ಅದರ ಕಿವಿ... ಎಂಟು ವರ್ಷದ ಕೂಸು, ಮೂರು ದಿನದ ಜ್ವರ. ಒಂದು ಫೋಟೋನಾದ್ರೂ ತೆಗೆಸಿರ್ಲಿಲ್ಲ ನೀನು. "ಕಣ್ಮುಚ್ಚಿದ್ರೆ ಮುಖ ಸರಿಯಾಗಿ ಬರ್ತಿಲ್ಲ ಮೇಷ್ಟ್ರೇ, ಹೊಸ ಕಲ್ಲು ಕೆತ್ತಬೇಕು" ಅಂತ ಎರಡು ಬಸ್ಸು ಬದಲಾಯಿಸಿ ಈ ಮೂಗೂರಿಗೆ ಬಂದಿದ್ದೀಯ. ಕೊಡ್ತೀನಿ, ತಗೊಂಡೋಗು. ಇದನ್ನ ನೋಡ್ಕೊಂಡು ಕೆತ್ತು.

ಮೇಲ್ಗಡೆ ಬಿಚ್ಚಬೇಡ ಅಂದ್ನಲ್ಲ! ರಾಚಣ್ಣ...

ಮುಖಾನಾ? ಅದು... ಅಲ್ಲಿ ಕಾಗದ ಜಾರ್ತು. ಗಾಳಿ ಅವತ್ತು. ಮಸಿನೂ ಒಸಿ ಹೆಚ್ಚಾಯ್ತು, ಅದಕ್ಕೇ ಕಪ್ಪಗಿದೆ. ಅಲ್ಲದೆ ಮಳೆ, ಬಿಸಿಲು, ಮೇಕೆಗಳು ಬಂದು ಮೈ ಉಜ್ಕೊಳ್ಳೋದು... ಕಲ್ಲೇ ಸವೆದಿತ್ತು ಕಣಯ್ಯ! ನಿಮ್ಮೂರೋರಿಗೆ ಒಂದು ಬೇಲಿ ಹಾಕೋ ಯೋಗ್ಯತೆ ಇರ್ಲಿಲ್ಲ, ನಾನೇನು ಮಾಡ್ಲಿ? ಏನಾದ್ರೂ ಅನ್ನು! ಬೈಯಿ!

ಬೆರಳು ತೆಗಿ ಅಲ್ಲಿಂದ. ಏನದು, ಬಿಳೀ ಗೀರು ಮುಟ್ಟಿ ಮುಟ್ಟಿ ನೋಡ್ತಿದ್ದೀಯ?

...

ಉಳಿ ಹಿಡಿದ ಕೈ ನಿಂದು. ಮಳೆ ಹಂಗೆ ಗೀರಲ್ಲ ಅಂತ ನಿಂಗೆ ನಾನು ಹೇಳಬೇಕಾ.

ಹೌದು. ತಂತಿ ಬ್ರಷ್ಷು. ಮುಖದ ಮೇಲೆ ಪಾಚಿ ಕಟ್ಟಿತ್ತು, ಅಚ್ಚು ಚೆನ್ನಾಗಿ ಬರ್ಲಿ ಅಂತ ಉಜ್ಜಿದೆ. ಬಳಪದ ಕಲ್ಲು ಮೆತ್ತಗಿರುತ್ತೆ ಅಂತ ಗೊತ್ತಿತ್ತು, ಗೊತ್ತಿದ್ದೂ ಉಜ್ಜಿದೆ. ಮೂಗು ಪುಡಿಪುಡಿಯಾಗಿ ಕೈಗೆ ಬಂತು. ಅಲ್ಲಿಗೇ ನಿಲ್ಲಿಸಬೇಕಿತ್ತು... ಸರಿ ಮಾಡೋಣ ಅಂತ ಇನ್ನೂ ಉಜ್ಜಿದೆ. ತುಟಿನೂ ಹೋಯ್ತು. ಜೆಸಿಬಿ ಬಂದದ್ದು ಮೊನ್ನೆ ರಾಚಣ್ಣ. ನಿನ್ನ ಮಗಳ ಮುಖ ಅಳಿಸಿದ್ದು ನಾನು.

ಯಾಕೆ, ನೀನು ಬೆಚ್ಚಲೇ ಇಲ್ಲ?

ಗೊತ್ತಿತ್ತಾ? ...ಅಮಾವಾಸ್ಯೆ ಅಮಾವಾಸ್ಯೆಗೂ ಹೂವಿಡೋಕೆ ಹೋಗ್ತಿದ್ದೋನು ನೀನು. ಅಯ್ಯೋ... ಆಗಲೇ ಕಂಡಿತ್ತಾ? ಕಂಡೂ ಒಂಬತ್ತು ವರ್ಷ, ಸಂತೇಲಿ ಸಿಕ್ಕಿದಾಗೆಲ್ಲ "ಚೆನ್ನಾಗಿದೀರಾ ಮೇಷ್ಟ್ರೇ" ಅಂತ ಕೈ ಮುಗೀತಿದ್ಯಾ?

ಮತ್ತೆ ಇವತ್ಯಾಕೆ ಬಂದೆ? ಈ ಕಾಗದದಲ್ಲಿ ಮುಖ ಇರಲ್ಲ ಅಂತ ಗೊತ್ತಿದ್ದೂ...

ಓ.

ಉಜ್ಜೋಕೆ ಮುಂಚೆ ಒಂದು ಅಚ್ಚು ತೆಗೆದಿರ್ತೀನಿ, ಅದು ಮನೇಲಿರುತ್ತೆ ಅಂತ... ಅದಕ್ಕೇನಾ?

ಇಲ್ಲ ರಾಚಣ್ಣ. ತೆಗೆದಿರ್ಲಿಲ್ಲ.