ಹುರಿಹಿಟ್ಟಿನ ಡಬ್ಬಿಯಲ್ಲಿ ನಾನು ಬೆರೆಸಿದ್ದು

ಸಭೆಯ ಅಧ್ಯಕ್ಷರೂ ನಮ್ಮ ಪ್ರಿನ್ಸಿಪಾಲರೂ ಆದ ವೆಂಕಟರತ್ನಮ್ಮ ಮೇಡಂ ಅವರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ನರೇಂದ್ರ ಸರ್ ಅವರೇ, ನಮ್ಮ ಫಾರ್ಮಸಿ ಕಾಲೇಜಿನ ವಾರ್ಷಿಕೋತ್ಸವಕ್ಕೆಂದು ಬಸ್ಸು ಹಿಡಿದು ಚಿಕ್ಕಬಳ್ಳಾಪುರಕ್ಕೆ ಬಂದಿರುವ ಪೋಷಕರೇ, ಸೀನಿಯರ್ಸ್, ನನ್ನ ಕ್ಲಾಸಿನವರೇ, ಸಭಿಕರೇ. ಮತ್ತು ಮೂರನೇ ಸಾಲಿನಲ್ಲಿ ಕಂಬದ ಪಕ್ಕ ಕೂತಿರುವ ನಮ್ಮಮ್ಮಾ.

ನಾನು ಚೈತನ್ಯ, ಫಸ್ಟ್ ಇಯರ್. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು. ಹಾಗಾಗಿ ನನ್ನ ಕನ್ನಡ ಅರ್ಧ ಮೆಸ್ಸಿನದು, ಅರ್ಧ ಇಂಗ್ಲಿಷಿನದು. ದಯವಿಟ್ಟು ಅಡ್ಜಸ್ಟ್ ಮಾಡಿಕೊಳ್ಳಿ.

ನನಗೆ ಕೊಟ್ಟ ವಿಷಯ, ಥೈರಾಯ್ಡ್ ಮಾತ್ರೆಯ ಜೊತೆ ಗಿಡಮೂಲಿಕೆ. ಈ ಟಾಪಿಕ್ ಬೇಡ ಮೇಡಂ ಎಂದು ಎರಡು ಸಲ ಹೇಳಿದ್ದೆ. ಮೇಡಂ ಅದನ್ನು ಸ್ಟೇಜ್ ಫಿಯರ್ ಎಂದುಕೊಂಡರು. "ಏ ಹೋಗಮ್ಮ, ನಿಮ್ಮಮ್ಮನೂ ಅದೇ ಮಾತ್ರೆ ನುಂಗ್ತಾರಲ್ಲ, ನೀನೇ ಸರಿ" ಅಂದರು. ಮೇಡಂ, ಅದು ಸ್ಟೇಜ್ ಫಿಯರ್ ಆಗಿರಲಿಲ್ಲ.

ಬರೆದು ತಂದಿರುವುದನ್ನು ಓದುತ್ತೇನೆ. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ ನುಂಗಬೇಕು. ಕಾಫಿ, ತಿಂಡಿ ಒಂದು ಗಂಟೆ ಕಾಯಬೇಕು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಬೇಕು. ಅಶ್ವಗಂಧದಂಥ ಬೇರು ಕೆಲವರ ಮೈಯಲ್ಲಿ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಮಾತ್ರೆಯೂ ಅದೇ ಹಾರ್ಮೋನು. ಎರಡೂ ಸೇರಿದರೆ ಎದೆ ಹೊಡೆದುಕೊಳ್ಳಬಹುದು, ಬೆವರಬಹುದು, ಕೈ ನಡುಗಬಹುದು.

ಕೈ ನಡುಗಬಹುದು. ಇದನ್ನು ನಾನು ಪುಸ್ತಕ ನೋಡಿ ಬರೆದೆನೆಂದು ನೀವು ತಿಳಿದಿರಬಹುದು. ಅಲ್ಲ.

ನಮ್ಮಮ್ಮ ಶೋಭಾರಾಣಿ ಶಿಡ್ಲಘಟ್ಟದ ಉಸ್ಮಾನ್ ಸಾಬರ ರೀಲಿಂಗ್ ಘಟಕದಲ್ಲಿ ಹದಿನೆಂಟು ವರ್ಷದಿಂದ ರೇಷ್ಮೆ ನೂಲು ಬಿಚ್ಚುತ್ತಾಳೆ. ಬಿಸಿ ನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹಿಡಿಯುವುದನ್ನು ನೀವು ನೋಡಿದ್ದೀರಾ? ಆ ಎಳೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗಬೇಕು. ಅಮ್ಮ ಪಕ್ಕದವರ ಜೊತೆ ತೆಲುಗಿನಲ್ಲಿ ಜಗಳ ಆಡುತ್ತಲೇ ಹಿಡಿಯುತ್ತಿದ್ದಳು. ಈ ದೀಪಾವಳಿಗೆ ಮನೆಗೆ ಹೋದಾಗ, ಘಟಕಕ್ಕೆ ಹೋಗಿ ನೋಡಿದರೆ, ಅವಳ ಎಳೆ ಮೇಲಿಂದ ಮೇಲೆ ತುಂಡಾಗುತ್ತಿತ್ತು. ಉಸ್ಮಾನ್ ಸಾಬರು ತಮಾಷೆಗೆ, "ಏನಮ್ಮಾ ಶೋಭಮ್ಮ, ಮಗಳು ಬಂದವ್ಳೆ ಅಂತ ಕೈ ಕುಣೀತೈತಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನು ನಗಬಾರದಿತ್ತು.

ಏಕೆಂದರೆ, ಸಭಿಕರೇ, ಆ ಕೈಯನ್ನು ನಡುಗಿಸಿದವಳು ನಾನು.

ದಸರಾ ರಜೆಯಲ್ಲಿ ಅಮ್ಮ ಸಂಜೆ ಬಂದವಳೇ ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಫೋನಿನಲ್ಲಿ ನೋಡಿದ ವಿಡಿಯೋದಲ್ಲಿ ಯಾರೋ ಒಬ್ಬರು, ಸುಸ್ತಿಗೂ ಥೈರಾಯ್ಡಿಗೂ ಅಶ್ವಗಂಧ ಒಂದೇ ಸಾಕು ಎಂದು ನಗುನಗುತ್ತಾ ಹೇಳಿದರು. ತಗೊಳ್ತೀಯಾ ಎಂದು ಅಮ್ಮನನ್ನು ಕೇಳಿದೆ. "ಮಾತ್ರೆ ಒಂದು ಸಾಲದಾ? ನನ್ನ ಮೆಡಿಕಲ್ ಶಾಪ್ ಮಾಡ್ಬೇಡ ಕಣೇ ಚೈತು" ಅಂದಳು. ಅಲ್ಲಿಗೆ ನಾನು ಬಿಡಬೇಕಿತ್ತು.

ಬಿಡಲಿಲ್ಲ. ಚಿಂತಾಮಣಿಯಲ್ಲಿ ಕೋನಪ್ಪನವರ ಗ್ರಂಥಿಗೆ ಅಂಗಡಿಗೆ ಹೋದೆ. ಅವರು ಮೂರು ತಲೆಮಾರಿನಿಂದ ಬೇರು, ಚಕ್ಕೆ ಮಾರುವವರು. ಪುಡಿ ತೂಗುವ ಮೊದಲು ತಕ್ಕಡಿ ನಿಲ್ಲಿಸಿ ಕೇಳಿದರು: "ಯಾರ್ಗಮ್ಮಾ? ಬೇರೆ ಮಾತ್ರೆ ಏನಾದ್ರೂ ತಗೊಳ್ತಾರಾ?" ಫಾರ್ಮಸಿ ಓದುವ ನಾನು ಏನು ಹೇಳಿದೆ? ಹೌದು ಎಂದರೆ ಕೊಡುವುದಿಲ್ಲವೇನೋ ಎಂದು ಹೆದರಿ, "ಇಲ್ಲ" ಎಂದೆ. ತಪ್ಪು ಬೇರಿನದಲ್ಲ, ಅಂಗಡಿಯದೂ ಅಲ್ಲ. ಆ "ಇಲ್ಲ" ನನ್ನದು.

ನಮ್ಮ ಮನೆಯಲ್ಲಿ ರಾಗಿ ಹುರಿಹಿಟ್ಟಿಗೆ ದೊಡ್ಡ ಸ್ಟೀಲ್ ಡಬ್ಬಿ ಇದೆ. ಅಮ್ಮ ದಿನಾ ಬೆಳಿಗ್ಗೆ ಹಾಲು, ಬೆಲ್ಲ ಹಾಕಿ ಕಲಸಿ ತಿಂದು ಕೆಲಸಕ್ಕೆ ಹೋಗುತ್ತಾಳೆ. ಪುಡಿಯನ್ನೆಲ್ಲ ಅದಕ್ಕೇ ಸುರಿದು, ಏಲಕ್ಕಿ ಜಾಸ್ತಿ ಹಾಕಿ ಕಲಸಿಟ್ಟೆ. ತಿಂದವಳು, "ಹಾಸ್ಟೆಲ್ಲಲ್ಲಿ ಅಡುಗೆ ಕಲಿಸ್ತಾರೇನೇ? ಕಹಿ ಕಹಿಯಾಗಿ ಚೆನ್ನಾಗೈತೆ" ಅಂದಳು. ಮಗಳು ಮಾಡಿದ್ದು ಹೇಗಿದ್ದರೂ ಅವಳಿಗೆ ಚೆನ್ನಾಗೇ ಇರುತ್ತದೆ.

ಆಮೇಲೆ ಕೈ ನಡುಕ, ಎದೆ ಹೊಡೆತ. ಎಂಟು ದಿನದ ಹಿಂದೆ ರಕ್ತದ ರಿಪೋರ್ಟ್ ಹಿಡಿದು ಇಬ್ಬರೂ ನರೇಂದ್ರ ಸರ್ ಹತ್ತಿರ ಹೋದೆವು. ಸರ್ ಎಷ್ಟು ಸಮಾಧಾನವಾಗಿ ಕೇಳಿದರು: "ಶೋಭಮ್ಮ, ಕಷಾಯ, ಚೂರ್ಣ, ನಾಟಿ ಔಷಧಿ ಏನಾದ್ರೂ ತಗೊಂಡ್ರಾ?" ಅಮ್ಮ "ಇಲ್ಲ ಸರ್, ದೇವರಾಣೆ" ಅಂದಳು. ಅವಳು ಹೇಳಿದ್ದು ನಿಜ. ಅವಳ ಪಾಲಿಗೆ ಅದು ನಿಜ. ಪಕ್ಕದಲ್ಲಿ ನಿಂತಿದ್ದ ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ. ಸರ್ ಎಪ್ಪತ್ತೈದು ಮೈಕ್ರೋಗ್ರಾಮಿನ ಥೈರಾಯ್ಡ್ ಮಾತ್ರೆಯನ್ನು ಐವತ್ತಕ್ಕೆ ಇಳಿಸಿದರು. ಗೊತ್ತಿಲ್ಲದ ಪುಡಿಗೆ ಲೆಕ್ಕ ಹಾಕಿ ಇಳಿಸುವುದು ಅವರಿಗೆ ಸಾಧ್ಯವಿತ್ತೇ? ನಾಳೆ ಪುಡಿ ನಿಂತರೆ ಆ ಐವತ್ತು ಸಾಲದೇ ಹೋಗಬಹುದು. ಇದೆಲ್ಲ ನನಗೆ ಅಲ್ಲೇ ಗೊತ್ತಿತ್ತು. ಬೈಸಿಕೊಳ್ಳುವ ಭಯಕ್ಕೆ ಬಾಯಿ ಬಿಡಲಿಲ್ಲ. ಡಬ್ಬಿ ಖಾಲಿಯಾದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಡಬ್ಬಿ ಖಾಲಿಯಾಗಿದೆ. ಈಗಷ್ಟೇ, ಸ್ಟೇಜಿಗೆ ಬರುವ ಮೊದಲು, ಕಾಲೇಜಿನ ಗೇಟಿನ ಹತ್ತಿರ ಅಮ್ಮ ಅದನ್ನೇ ಹೇಳಿದಳು. "ಉಳಿದಿದ್ದೆಲ್ಲ ಬಾಚಿ ಬೆಳಿಗ್ಗೆ ರುಬೀನಾಗೆ ಕೊಟ್ಟೆ ಕಣೇ. ಪಾಪ, ಬಸುರಿ ಹೆಂಗಸು, ನೀನು ಮಾಡಿದ್ದು ಅಂದ್ರೆ ಆಸೆಯಾಗಿ ಇಸ್ಕೊಂಡ್ಳು." ರುಬೀನಕ್ಕ ಉಸ್ಮಾನ್ ಸಾಬರ ಸೊಸೆ. ಐದು ತಿಂಗಳು. ಅವರೂ ಥೈರಾಯ್ಡ್ ಮಾತ್ರೆ ನುಂಗುತ್ತಾರೆ. ಬಸುರಿಯರು ಅಶ್ವಗಂಧ ತೆಗೆದುಕೊಳ್ಳಬಾರದು ಎಂದು ನನ್ನ ಈ ಕಾಗದದ ಕೊನೆಯ ಸಾಲಿನಲ್ಲಿ ನಾನೇ ಬರೆದಿದ್ದೇನೆ.

ಅಮ್ಮ ಇನ್ನೂ ಏನೋ ಹೇಳುತ್ತಿದ್ದಳು, ಮೈಕಿನಲ್ಲಿ ನನ್ನ ಹೆಸರು ಕೂಗಿದರು. ನನ್ನ ಫೋನನ್ನು ಫ್ರೆಂಡ್ ಕೈಗೆ ಕೊಟ್ಟು, ರುಬೀನಕ್ಕನ ನಂಬರಿಗೆ ಮಾಡುತ್ತಲೇ ಇರು, ಆ ಹುರಿಹಿಟ್ಟು ಮುಟ್ಟಬೇಡಿ ಎಂದು ಹೇಳು ಎಂದೆ. ಅವಳು ಪರದೆಯ ಪಕ್ಕ ನಿಂತು ತಲೆ ಅಲ್ಲಾಡಿಸುತ್ತಿದ್ದಾಳೆ. ಯಾರೂ ಎತ್ತುತ್ತಿಲ್ಲ.

ನೆಟ್ಟಗೆ ಅಮ್ಮನಿಗೇ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಂಟು ದಿನ ಹೇಳಲಾಗದವಳಿಗೆ ಗೇಟಿನ ಹತ್ತಿರ ಧೈರ್ಯ ಎಲ್ಲಿಂದ ಬರಬೇಕು? ಇಲ್ಲಿ ಮೈಕ್ ಹಿಡಿದು ನಿಂತ ಮೇಲೆ ಓಡಿಹೋಗಲು ದಾರಿ ಇಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಅಮ್ಮಾ, ಉಸ್ಮಾನ್ ಸಾಬರ ನಂಬರ್ ನಿನ್ನ ಹತ್ತಿರ ಇದೆ. ಈಗಲೇ ಮಾಡು. ರುಬೀನಕ್ಕ ಒಂದು ಚಮಚ ತಿಂದಿದ್ದರೂ ಇವತ್ತೇ ಅವರ ಡಾಕ್ಟರಿಗೆ ತೋರಿಸಲಿ. ಅವರ ಥೈರಾಯ್ಡ್ ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು.

ನರೇಂದ್ರ ಸರ್, ನೀವು ಅವತ್ತು ಕೇಳಿದ ಪ್ರಶ್ನೆಗೆ ಉತ್ತರ, ಹೌದು. ತಗೊಂಡಿದ್ದಾಳೆ. ದಿನಾ ತಗೊಂಡಿದ್ದಾಳೆ. ಅವಳಿಗೆ ಗೊತ್ತಿಲ್ಲ. ಕೊಟ್ಟಿದ್ದು ನಾನು. ಮಾತ್ರೆ ಇಳಿಸಿ ಬರೆದ ಆ ಚೀಟಿಯನ್ನು ಇನ್ನೊಂದು ಸಲ ನೋಡಿ ಸರ್.

ಅಮ್ಮ ಎದ್ದು ನಿಂತಿದ್ದಾಳೆ. ಫೋನ್ ಕಿವಿಗಿಟ್ಟಿದ್ದಾಳೆ. ಅವಳ ಕೈ ನನಗೆ ಇಲ್ಲಿಂದಲೇ ಕಾಣುತ್ತಿದೆ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ವಂದನೆಗಳು. ಚಪ್ಪಾಳೆ ಬೇಡ, ಅಮ್ಮನಿಗೆ ಆ ಕಡೆಯ ಮಾತು ಕೇಳಿಸಬೇಕು. ನಾನು ಕೆಳಗೆ ಹೋಗುತ್ತಿದ್ದೇನೆ. ನಮಸ್ಕಾರ.