ನಾಲ್ಕು ಸಲದ ಶಾಖ

ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಮನ್ಮನೆ ಬಸ್ಸಿಗೆ ಕಾಯುತ್ತಿದ್ದ ಮಮತಾಳಿಗೆ ಪಕ್ಕದವರ ಮಾತು ಕೇಳುವ ಚಟವೇನೂ ಇರಲಿಲ್ಲ. ಆದರೆ ‘ಸುಟ್ಟೇ ಹೋತು’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮೊಬೈಲಿನಲ್ಲಿ ಕಣ್ಣು ನಿಲ್ಲಲಿಲ್ಲ. ಹೇಳುತ್ತಿದ್ದವಳು ದ್ಯಾವಮ್ಮ ಎಂಬ ಹಿರಿಯಳು, ಕೇಳುತ್ತಿದ್ದವಳು ಅವಳ ತಂಗಿ.

“ಯಾರಿಗೆ ಅಕ್ಕ, ಚೇತನಾಗಾ?”

“ಹೌದೇ, ನಮ್ಮ ಸೊಸೆಗೇ. ಕ್ಯಾನ್ಸರ್ ಅಂತ ಎದೆ ತೆಗೆದ್ರಲ್ಲ, ಹೊಟ್ಟೆ ಮಾಂಸಾನೇ ತಂದು ಅಲ್ಲಿ ಹೊಸದು ಮಾಡಿ ಕೂರ್ಸಿದ್ರು. ಮನೆಗೆ ಬಂದು ಎರಡು ತಿಂಗಳಾತು. ಹೊಲಿಗೆ ಎಲ್ಲ ಒಣಗಿತ್ತು.”

“ಮತ್ತೆಂತ ಆತು?”

“ಎದೆ ಬಿಗೀತದೆ ಅತ್ತೆ ಅಂದ್ಲು. ಬಾಣಂತಿಗೆ ಕೊಟ್ಟಂಗೆ ಕೆಂಡದ ಮೇಲೆ ಬಟ್ಟೆ ಕಾಯ್ಸಿ ಶಾಖ ಕೊಟ್ಟೆ. ಬಿಸಿ ತಾಗ್ತದನೇ ಅಂದ್ರೆ ಇಲ್ಲ ಅಂತಾಳೆ. ಮತ್ತೂ ಕಾಯ್ಸಿದೆ.”

“ಎಷ್ಟು ಸಲ?”

“ನಾಕು ಸಲ. ಕಡೇ ಸಲ ಬಟ್ಟೆ ತೆಗೆದ್ರೆ ಚರ್ಮಾನೇ ಕಿತ್ತು ಬಂತು. ಅವಳು ಟೀವಿ ನೋಡ್ತಾ ಕೂತಿದ್ಲು.”

“ಕೂಗ್ಲಿಲ್ವಾ?”

“ಇಲ್ಲ. ಆ ಹೊಸ ಎದೆಗೆ ಬಿಸಿ, ನೋವು ಒಂದೂ ತಿಳಿಯೂದಿಲ್ವಂತೆ. ನಿನ್ನೆ ಡಾಕ್ಟರು ಹೇಳಿದ ಮೇಲೇ ನಮಗೆ ಗೊತ್ತಾದ್ದು.”



“ನಿಂಗೆ ಬೈದ್ಲಾ?”

“ಬೈದಿದ್ರೆ ಚಲೋ ಇತ್ತು. ನಿಮ್ಮ ಕೈ ಅಲ್ಲಿತ್ತು ಅಂತಲೇ ಗೊತ್ತಾಗ್ಲಿಲ್ಲ ಅತ್ತೆ, ಅಂದ್ಲು.”

ಬಸ್ಸು ಬಂತು. ಅಕ್ಕತಂಗಿಯರು ಚೀಲ ಎತ್ತಿಕೊಂಡು ಹತ್ತಿದರು. ತಾನು ಹತ್ತಬೇಕಾದ ಬಸ್ಸೂ ಅದೇ ಎಂದು ಮಮತಾಳಿಗೆ ಹೊಳೆಯುವಷ್ಟರಲ್ಲಿ ಅದು ರಸ್ತೆಗೆ ಇಳಿದಾಗಿತ್ತು.